ಚೌಕಾಬಾರದ ಹಾಳೆ

ಬೆಂಗಳೂರು, ಭಾನುವಾರ

ಪ್ರೀತಿಯ ತಂಗಿ,

ನಿನ್ನ ಕಾಗದ ಓದಿದೆ. ಸಾಫ್ಟ್‌ವೇರ್ ಹೇಗೆ ಕಟ್ಟುತ್ತಾರೆಂದು ಕಾಮಗೆರೆಯ ಮಕ್ಕಳಿಗೆ ಹೇಳಿಕೊಡಬೇಕು, ಆದರೆ ಇರುವ ಕಂಪ್ಯೂಟರು ಯಾರಿಗೂ ಸಾಲದು ಅಂದಿದ್ದೀಯ. ಕಂಪ್ಯೂಟರೇ ಬೇಡ ಕಣಮ್ಮಿ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರಿ.

ಅಜ್ಜಿ ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡಿ ಕೊಡುತ್ತಿದ್ದದ್ದು ನೆನಪಿದೆಯಾ? ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅಂತ ನೀನು. ಅವರ ಊರಲ್ಲಿ ಹೋಗಬಹುದು ಅಂತ ಅತ್ತೆಯ ಮಗ. ಇಬ್ಬರೂ ಒಪ್ಪುವ ತನಕ ಅಜ್ಜಿ ಬೀಜಗಳನ್ನು ಮುಷ್ಟಿಯಲ್ಲೇ ಹಿಡಿದಿರುತ್ತಿದ್ದಳು.

ನನ್ನ ಕೆಲಸದಲ್ಲಿ ಅರ್ಧ ಹೊತ್ತು ಹೋಗುವುದು ಇದೇ ಜಗಳ ಬಗೆಹರಿಸುವುದಕ್ಕೆ. ಮಾಡಿಸುವವರ ಮನಸ್ಸಿನಲ್ಲಿ ಒಂದಿರುತ್ತದೆ, ಪ್ರೋಗ್ರಾಂ ಬರೆಯುವವರು ಇನ್ನೊಂದು ತಿಳಿದಿರುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಒಂದು ನಿಯಮವನ್ನು ಕೇಳದೆ ಊಹಿಸಿ ಬರೆದೆ. ಎರಡು ವಾರದ ಕೆಲಸ ಮತ್ತೆ ಮಾಡಬೇಕಾಯಿತು. ಕಾಲೇಜಿನಲ್ಲಿ ಇದೇ ಪಾಠವನ್ನು ಪರೀಕ್ಷೆಗೆ ಬರೆದು ಪಾಸಾಗಿದ್ದೆ.

ಅದಕ್ಕೇ ಹೀಗೆ ಮಾಡು. ಮಕ್ಕಳನ್ನು ಎರಡು ಗುಂಪು ಮಾಡಿ ಆಟದ ನಿಯಮ ಬರೆಸು. ಬರೆಯಲು ಎಷ್ಟು ನಿಮಿಷ ಬೇಕು ಅಂತ ಮೊದಲೇ ಕೇಳು. ಪ್ರತಿಯೊಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆದು ಒಟ್ಟಿಗೆ ತೋರಿಸಲಿ; ಜೋರಿನ ಹುಡುಗ ಹೇಳಿದ್ದಕ್ಕೆ ಉಳಿದವರು ತಲೆಯಾಡಿಸಬಾರದು. 2002ರಲ್ಲಿ ಜೇಮ್ಸ್ ಗ್ರೆನಿಂಗ್ ರೂಪಿಸಿದ ಪ್ಲಾನಿಂಗ್ ಪೋಕರ್ ಇದೇ. ನಮ್ಮ ಆಫೀಸಿನಲ್ಲಿ ಈಗಲೂ ಆಡುತ್ತೇವೆ.

ಆಮೇಲೆ ಹಾಳೆ ಅದಲುಬದಲು ಮಾಡಿಸು. ಹಾಳೆಯಲ್ಲಿ ಇದ್ದಷ್ಟೇ ಆಡಬೇಕು, ಬಾಯಿಮಾತು ನಡೆಯದು. ಹಣ್ಣಾಗಲು ಎರಡು ಬೇಕಿದ್ದ ಕಾಯಿಗೆ ಮೂರು ಬಿತ್ತು, ಈಗೇನು? ಹಾಳೆಯಲ್ಲಿಲ್ಲ. ಆಟ ನಿಂತಿತು. ಅಲ್ಲಿ ಗುರುತು ಹಾಕಿ ತಿದ್ದಲಿ, ಮತ್ತೆ ಮೊದಲಿಂದ ಆಡಲಿ. ಒಂದು ನಿಯಮ ತಿದ್ದಿದಾಗ ಇನ್ನೊಂದು ಕೆಟ್ಟಿರುತ್ತದೆ. ಅದು ಮಕ್ಕಳ ಕಣ್ಣಿಗೇ ಬೀಳಬೇಕು, ನೀನು ಹೇಳಿಬಿಡಬೇಡ.

ಶಾಲೆಯಲ್ಲಿ ಆಟವೇ ಅಂತ ಯಾರಾದರೂ ಮೂಗು ಮುರಿದರೆ, ಮೈಸೂರು ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ತಾವೇ ಹೊಸದಾಗಿ ರಚಿಸಿದವರು ಅಂತ ಹೇಳು.

ಶನಿವಾರ ಆಡಿಸಿ ನೋಡು. ತಿದ್ದಿದ ಹಾಳೆಯ ಜೊತೆಗೆ ಮೊದಲು ಬರೆದದ್ದನ್ನೂ ಹರಿಯದೆ ನನಗೆ ಕಳಿಸು.

ನಿನ್ನ ಅಕ್ಕ