ಜಲಪಾತದ ನೆತ್ತಿಯ ಮೇಲೊಂದು ಮನೆ

ಜಲಪಾತದ ಬಳಿ ಮನೆ ಕಟ್ಟಿಸುವವರು ಅದು ಕಿಟಕಿಯಿಂದ ಚೆನ್ನಾಗಿ ಕಾಣುವ ಜಾಗ ಹುಡುಕುತ್ತಾರೆ. ಪಿಟ್ಸ್‌ಬರ್ಗ್ ನಗರದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನ ಒಡೆಯ ಎಡ್ಗರ್ ಕೌಫ್‌ಮನ್ ಕೂಡ ಹಾಗೆಯೇ ಎಣಿಸಿದ್ದರು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಕಾಡಿನಲ್ಲಿ, ಬೇರ್ ರನ್ ಎಂಬ ತೊರೆಯ ದಂಡೆಯಲ್ಲಿ ಅವರಿಗೆ ಜಮೀನಿತ್ತು. 1935ರಲ್ಲಿ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ನಕ್ಷೆ ಬಿಡಿಸಿ ಮುಂದಿಟ್ಟಾಗ ಮನೆ ಜಲಪಾತದ ಎದುರಿಗಿರಲಿಲ್ಲ, ಅದರ ನೆತ್ತಿಯ ಮೇಲೇ ಕುಳಿತಿತ್ತು! ಆಗ ರೈಟ್‌ಗೆ 68 ವರ್ಷ. ಅವರ ಕಾಲ ಮುಗಿಯಿತು ಎಂದು ಹಲವರು ಮಾತಾಡಿಕೊಳ್ಳುತ್ತಿದ್ದ ದಿನಗಳವು.

ಅದೇ ಫಾಲಿಂಗ್‌ವಾಟರ್. ಜಗತ್ತಿನ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಇದರ ಚಿತ್ರ ನೋಡದೆ ಯಾರೂ ಮೊದಲ ವರ್ಷ ದಾಟಲಾರರು. ಕೌಫ್‌ಮನ್ ಅವರ ಮಗ 1963ರಲ್ಲಿ ಇದನ್ನು ಒಂದು ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದರು. ಮರುವರ್ಷದಿಂದ ಜನ ನೋಡಲು ಬರತೊಡಗಿದರು. 2019ರಲ್ಲಿ ರೈಟ್ ಅವರ ಇನ್ನೂ ಏಳು ಕಟ್ಟಡಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ತಂದೆ-ತಾಯಂದಿರ ಪ್ರವಾಸ ಹೆಚ್ಚುಕಡಿಮೆ ಒಂದೇ ಬಗೆಯದು. ನಯಾಗರ, ವಾಷಿಂಗ್ಟನ್, ನ್ಯೂಯಾರ್ಕ್. ನಡುವೆ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ. ಆ ದೇವಸ್ಥಾನದಿಂದ ಈ ಮನೆಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಆದರೂ ಬಹಳ ಮಂದಿ ನೋಡದೆ ಮರಳುತ್ತಾರೆ. ಪಿಯುಸಿ ಓದುತ್ತಿರುವ ಮಗನೋ ಮಗಳೋ ಜೊತೆಗಿದ್ದು, ‘ಎಂಜಿನಿಯರಿಂಗ್ ಬೇಡ, ಆರ್ಕಿಟೆಕ್ಚರ್ ಸೇರುತ್ತೇನೆ’ ಎಂದು ಹಟ ಹಿಡಿದಿದ್ದರಂತೂ ಈ ಮನೆಗೆ ಒಂದು ದಿನ ಎತ್ತಿಡಲೇಬೇಕು. ಏಕೆಂದರೆ ಆ ಎರಡು ವಿದ್ಯೆಗಳ ಜಗಳ ಇಲ್ಲಿ ಕಾಂಕ್ರೀಟಿನಲ್ಲಿಯೇ ಅಚ್ಚಾಗಿದೆ.

ಮೊದಲು ಹೋಗುವ ದಾರಿ. ಮಿಲ್ ರನ್ ಎಂಬ ಹಳ್ಳಿಯ ಬಳಿ, ಪಿಟ್ಸ್‌ಬರ್ಗ್‌ನಿಂದ ಸುಮಾರು 110 ಕಿ.ಮೀ. ಆಗ್ನೇಯಕ್ಕೆ ಈ ಮನೆಯಿದೆ. ಬಸ್ಸು, ರೈಲು ಅಲ್ಲಿಗೆ ಹೋಗುವುದಿಲ್ಲ, ಕಾರೇ ಗತಿ. ಕಾಡುದಾರಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಟಿಕೆಟ್ಟನ್ನೂ ದಾರಿಯ ವಿವರವನ್ನೂ ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳುವುದು ಜಾಣತನ. ಒಳಗೆ ಹೋಗಲು ಗೈಡ್ ಜೊತೆಗಿನ ಪ್ರವೇಶಕ್ಕೆ ಮುಂಗಡವಾಗಿ ಸಮಯ ಕಾದಿರಿಸಬೇಕು. ಬಾಗಿಲಲ್ಲಿ ನಿಂತು ಟಿಕೆಟ್ ಕೇಳಿದರೆ ಸಿಗುವ ಭರವಸೆಯಿಲ್ಲ. ಚಳಿಗಾಲದ ನಡುವೆ, ಜನವರಿ-ಫೆಬ್ರುವರಿಯಲ್ಲಿ ಮನೆ ಮುಚ್ಚಿರುತ್ತದೆ. ವಾರದ ರಜೆಯ ದಿನವನ್ನೂ ವಿಚಾರಿಸಿಕೊಳ್ಳಿ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಮನೆಯೊಳಗೆ ಬಿಡುವುದಿಲ್ಲ. ಹಾಗಾಗಿ ಮೊಮ್ಮಗುವಿನ ಜೊತೆ ಹೋದ ಕುಟುಂಬ ಎರಡು ಬೇರೆ ಬೇರೆ ಸಮಯಕ್ಕೆ ಟಿಕೆಟ್ ತೆಗೆದು, ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ಎಂದು ಪಾಳಿ ಮಾಡಿಕೊಳ್ಳಬೇಕು. ಮನೆಯಲ್ಲಿ ಮೆಟ್ಟಿಲುಗಳು ಬಹಳ, ದಾರಿಯೂ ಇಳಿಜಾರು. ಮಂಡಿನೋವಿನ ಹಿರಿಯರಿದ್ದರೆ ಟಿಕೆಟ್ ಕೊಳ್ಳುವಾಗಲೇ ತಿಳಿಸುವುದು ಮೇಲು.

ಯಾವ ಕಾಲ ಒಳ್ಳೆಯದು? ಅಕ್ಟೋಬರಿನಲ್ಲಿ ಎಲೆಗಳು ಕೆಂಪಾದಾಗ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ಆಗಲೇ ಬರುತ್ತಾರೆ ಕೂಡ. ನನ್ನನ್ನು ಕೇಳಿದರೆ ಏಪ್ರಿಲ್ ವಾಸಿ. ಹಿಮ ಕರಗಿ ತೊರೆಯಲ್ಲಿ ನೀರು ಜೋರಾಗಿರುತ್ತದೆ, ಮರಗಳಲ್ಲಿ ಎಲೆ ತುಂಬದ ಕಾರಣ ಮನೆಯ ಮೈಕಟ್ಟು ದೂರದಿಂದಲೇ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸೋರಿಕೆ ತಡೆಯಲು ದೊಡ್ಡ ದುರಸ್ತಿ ಕೈಗೊಂಡಿದ್ದಾರೆ. ಹೊರಡುವ ಮುನ್ನ ಯಾವ ಭಾಗಕ್ಕಾದರೂ ಸಾರವೆ ಕಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ.

ಒಳಗೆ ಕಾಲಿಟ್ಟಾಗ ಅಚ್ಚರಿಯಾಗುವುದು ಚಾವಣಿಯ ತಗ್ಗು. ಎತ್ತರದ ಆಳು ಕೈ ಎತ್ತಿದರೆ ಮುಟ್ಟಬಹುದಾದ ಕಡೆಗಳಿವೆ. ಓಡುದಾರಿಗಳು ಇಕ್ಕಟ್ಟು, ಕತ್ತಲು. ಇದು ಜಿಪುಣತನವಲ್ಲ, ಮೇಲೆ ನೋಡಲು ಏನೂ ಇಲ್ಲದಾಗ ಕಣ್ಣು ತಾನಾಗಿ ಹೊರಗಿನ ಕಾಡಿಗೆ ಹರಿಯುತ್ತದೆ. ಹಾಲಿನ ನೆಲಕ್ಕೆ ಅದೇ ಜಮೀನಿನ ಕಲ್ಲುಚಪ್ಪಡಿ ಹಾಸಿ ಮೇಣ ತಿಕ್ಕಿದ್ದಾರೆ, ತೊರೆಯ ತಳದ ಹಾಗೆ ಒದ್ದೆಯಾಗಿ ಹೊಳೆಯುತ್ತದೆ. ಬೆಂಕಿಗೂಡಿನ ಮುಂದೆ ಮಾತ್ರ ಅಲ್ಲಿಯೇ ಇದ್ದ ಹುಟ್ಟುಬಂಡೆಯನ್ನು ಒಡೆಯದೆ ಉಳಿಸಿ, ಅದಕ್ಕೆ ಮೇಣ ಹಚ್ಚದೆ ಬಿಟ್ಟಿದ್ದಾರೆ. ನೀರಿನ ನಡುವೆ ಎದ್ದು ನಿಂತ ಒಣಬಂಡೆಯಂತೆ ಅದು ಕಾಣುತ್ತದೆ. ಹಾಲಿನಿಂದಲೇ ತೊರೆಗೆ ಇಳಿಯುವ ಮೆಟ್ಟಿಲಿದೆ. ಜಲಪಾತ ಮಾತ್ರ ಕೋಣೆಯೊಳಗೆ ಕೂತವರಿಗೆ ಕಾಣುವುದಿಲ್ಲ! ಅದರ ಸದ್ದು ಮಾತ್ರ ಎಲ್ಲ ಕೋಣೆಗಳಲ್ಲೂ ಇದೆ. ನೋಡಿ ಮರೆಯುವ ಬದಲು ಅದರೊಡನೆ ಬಾಳಲಿ ಎಂಬುದು ರೈಟ್ ಅವರ ಎಣಿಕೆ.

ಇನ್ನು ಜಗಳದ ವಿಷಯ. ಮನೆಯ ಜಗಲಿಗಳು ಕೆಳಗೆ ಕಂಬವಿಲ್ಲದೆ ತೊರೆಯ ಮೇಲೆ ಚಾಚಿಕೊಂಡಿವೆ. ಕಿಟಕಿಯ ಮೇಲಿನ ಸಜ್ಜಾ ಗೋಡೆಯನ್ನು ಹಿಡಿದು ನಿಲ್ಲುವಂತೆಯೇ. ಆದರೆ ಇಲ್ಲಿನ ಚಾಚು ಸುಮಾರು 15 ಅಡಿ. ಕೌಫ್‌ಮನ್ ಕರೆಸಿದ ಎಂಜಿನಿಯರುಗಳು ಇದು ಅಪಾಯ ಎಂದರು. ರೈಟ್ ಸಿಟ್ಟಾಗಿ, ನಂಬಿಕೆಯಿಲ್ಲದಿದ್ದರೆ ನಕ್ಷೆ ವಾಪಸು ಕೊಡಿ ಎಂದರು. ಕೌಫ್‌ಮನ್ ತಗ್ಗಿದರು. ಆದರೂ ಎಂಜಿನಿಯರುಗಳು ಸದ್ದಿಲ್ಲದೆ ಮುಖ್ಯ ತೊಲೆಗಳಿಗೆ ನಕ್ಷೆಯಲ್ಲಿದ್ದುದರ ಎರಡರಷ್ಟು ಕಂಬಿ ಹಾಕಿಸಿದರು. ಸೆಂಟ್ರಿಂಗ್ ಬಿಚ್ಚಿದಾಗ ಜಗಲಿ ತಕ್ಷಣವೇ ಒಂದಿಷ್ಟು ಬಾಗಿತು. ತುದಿ ಮುಂದೆ ತಗ್ಗುತ್ತದೆಂದು ಅನುಭವಸ್ಥ ಮೇಸ್ತ್ರಿಗಳು ಸೆಂಟ್ರಿಂಗನ್ನು ಮೊದಲೇ ಒಂಚೂರು ಎತ್ತಿ ಕಟ್ಟುವುದುಂಟು. ಇಲ್ಲಿ ಹಾಗೆ ಮಾಡಿರಲಿಲ್ಲ. ಸಾಲದ್ದಕ್ಕೆ ಮೇಲಿನ ಮಲಗುವ ಕೋಣೆಯ ಜಗಲಿಯ ಭಾರವೂ ಕಿಟಕಿಯ ಉಕ್ಕಿನ ಚೌಕಟ್ಟುಗಳ ಮೂಲಕ ಕೆಳಗಿನದರ ಮೇಲೇ ಬಿದ್ದಿತ್ತು. ದಶಕಗಳು ಕಳೆಯುವಷ್ಟರಲ್ಲಿ ಜಗಲಿಯ ತುದಿ ಸುಮಾರು ಏಳು ಅಂಗುಲ ಕುಸಿಯಿತು.

1997ರಲ್ಲಿ ತೊರೆಯೊಳಗಿಂದ ಉಕ್ಕಿನ ಆನಿಕೆ ಕೊಟ್ಟು ತಾತ್ಕಾಲಿಕವಾಗಿ ನಿಲ್ಲಿಸಿದರು. 2002ರಲ್ಲಿ ನೆಲದ ಚಪ್ಪಡಿಗಳಿಗೆ ನಂಬರು ಹಾಕಿ ಒಂದೊಂದಾಗಿ ಎತ್ತಿ, ಕೆಳಗಿನ ತೊಲೆಗಳ ಬದಿಗೆ ಉಕ್ಕಿನ ಹಗ್ಗಗಳನ್ನು ಅಳವಡಿಸಿ ಬಿಗಿದು, ಚಪ್ಪಡಿಗಳನ್ನು ಇದ್ದಲ್ಲಿಯೇ ಮತ್ತೆ ಕೂರಿಸಿದರು. ಹತ್ತು ಪುಸ್ತಕಗಳನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದರೆ ನಡುವಿನವು ಬೀಳುವುದಿಲ್ಲವಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಆದ ಬಾಗನ್ನು ಪೂರ್ತಿ ನೆಟ್ಟಗೆ ಮಾಡಲಿಲ್ಲ, ಮುಂದೆ ಬಾಗದಂತೆ ತಡೆದರು. ಜಗಲಿಯ ಅಂಚಿಗೆ ಕಣ್ಣು ಹೊಂದಿಸಿ ನೋಡಿದರೆ ಆ ಓರೆ ಇಂದಿಗೂ ಕಾಣುತ್ತದೆ. ಮಕ್ಕಳಿಗೆ ಅದನ್ನು ತೋರಿಸಿ. ಹಟ ಹಿಡಿದ ಆರ್ಕಿಟೆಕ್ಟ್ ಇಲ್ಲದಿದ್ದರೆ ಈ ಮನೆ ಹುಟ್ಟುತ್ತಿರಲಿಲ್ಲ, ಕಂಬಿ ಹೆಚ್ಚಿಸಿದ ಎಂಜಿನಿಯರುಗಳು ಇಲ್ಲದಿದ್ದರೆ ಬಹುಶಃ ಉಳಿಯುತ್ತಿರಲಿಲ್ಲ. ಇನ್ನು ಕಟ್ಟಿಸಿದವರ ಪಾಡು ಕೇಳಬೇಡಿ: ಅಂದಾಜಿಗಿಂತ ಹಲವು ಪಟ್ಟು ಹೆಚ್ಚು, ಅತಿಥಿಗೃಹವೂ ಸೇರಿ ಸುಮಾರು 1,55,000 ಡಾಲರ್ ಸುರಿದ ಮೇಲೂ ಮಳೆ ಬಂದಾಗ ಸೋರುವ ಕಡೆ ಬಕೆಟ್ ಇಡಬೇಕಾಗುತ್ತಿತ್ತು.

ಒಳಗಿನ ಸುತ್ತು ಮುಗಿದ ಕೂಡಲೇ ಕಾರಿನತ್ತ ಓಡಬೇಡಿ. ತೊರೆಯ ಕೆಳದಂಡೆಯಲ್ಲಿ, ಎಲ್ಲ ಪುಸ್ತಕಗಳಲ್ಲೂ ಇರುವ ಆ ಚಿತ್ರ ಕಾಣುವ ಜಾಗವಿದೆ. ಅಲ್ಲಿಗೆ ಕಾಲುದಾರಿ ಉಂಟು. ಕ್ಯಾಮೆರಾ ತೆಗೆಯುವ ಮುನ್ನ ವಿದ್ಯಾರ್ಥಿಗಳು ಹತ್ತು ನಿಮಿಷ ಪೆನ್ಸಿಲ್ಲಿನಿಂದ ಬರೆದು ನೋಡಲಿ. ಅಡ್ಡ ಗೆರೆಗಳು ಜಗಲಿಗಳು, ನೆಟ್ಟ ಗೆರೆ ಕಲ್ಲಿನ ಗೋಡೆ. ಎಷ್ಟು ಕಡಿಮೆ ಗೆರೆಗಳಲ್ಲಿ ಮನೆ ಮೂಡುತ್ತದೆ ಎಂಬುದು ಆಗ ತಿಳಿಯುತ್ತದೆ.

ಸಮಯ ಉಳಿದರೆ ಸ್ವಲ್ಪವೇ ದೂರದಲ್ಲಿ ರೈಟ್ ಅವರದೇ ಇನ್ನೊಂದು ಮನೆ, ಕೆಂಟಕ್ ನಾಬ್ ಇದೆ. ಚಿಕ್ಕದು, ಗದ್ದಲವಿಲ್ಲದ್ದು. ಆದರೆ ಒಂದೇ ದಿನದಲ್ಲಿ ನಯಾಗರವನ್ನೂ ಇದಕ್ಕೆ ಗಂಟು ಹಾಕುವ ಯೋಚನೆ ಬೇಡ. ಅದು ಉತ್ತರಕ್ಕೆ ಐದು ತಾಸಿನ ಹಾದಿ. ಅದರ ಬದಲು ಹತ್ತಿರದ ಒಹಾಯೋಪೈಲ್ ಎಂಬ ಊರಿಗೆ ಹೋಗಿ. ಅಲ್ಲಿ ನದಿಯ ದಂಡೆಯಲ್ಲಿಯೇ ಸರ್ಕಾರಿ ಉದ್ಯಾನವಿದೆ. ಪುಳಿಯೋಗರೆ, ಮೊಸರನ್ನದ ಬುತ್ತಿಯನ್ನು ಅಲ್ಲಿ ಬಿಚ್ಚಬಹುದು. ಅಲ್ಲೊಂದು ಜಲಪಾತವೂ ಇದೆ, ಅದನ್ನು ಎದುರಿಗೇ ಕೂತು ನೋಡಬಹುದು.