ನಕಲಿನ ಗುರುತು

ಉಪಾಧ್ಯಾಯ ವೃತ್ತಿಯಲ್ಲಿ ಉತ್ತರಪತ್ರಿಕೆ ತಿದ್ದುವಷ್ಟು ಬೇಸರದ ಕೆಲಸ ಮತ್ತೊಂದಿಲ್ಲ. ಆದರೂ ಅದರಲ್ಲಿ ಒಮ್ಮೊಮ್ಮೆ ಪತ್ತೇದಾರಿಯ ಸ್ವಾರಸ್ಯವಿರುತ್ತದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂದೇ ಬೆಂಚಿನ ಇಬ್ಬರು ಹುಡುಗರು ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯನ್ನು ‘ಅರಿಸೇಕರಿ’ ಎಂದು ಬರೆದಿದ್ದರು. ಸರಿಯುತ್ತರ ಇಬ್ಬರದೂ ಒಂದೇ ಆಗಿದ್ದರೆ ಸಂಶಯಪಡಬೇಕಾಗಿಲ್ಲ. ಇಂತಹ ವಿಚಿತ್ರವಾದ ತಪ್ಪು ಇಬ್ಬರಿಗೂ ತಾನಾಗಿ ಹೊಳೆಯುವುದುಂಟೆ? ಒಬ್ಬನು ತರಗತಿಗೇ ಮೊದಲಿಗ, ಇನ್ನೊಬ್ಬನು ಓದಿನಲ್ಲಿ ಹಿಂದೆ. ನಕಲು ಮಾಡಿದವನು ಯಾರೆಂದು ನಾನು ಕ್ಷಣಮಾತ್ರವೂ ಯೋಚಿಸಲಿಲ್ಲ. ಹಿಂದುಳಿದವನನ್ನು ನಿಲ್ಲಿಸಿ ಎಲ್ಲರೆದುರು ಬೈದೆ. ಸಂಜೆ ಎರಡೂ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅವನ ತಪ್ಪುಗಳೆಲ್ಲವೂ ಮೊದಲಿಗನ ಪತ್ರಿಕೆಯಲ್ಲಿದ್ದವು. ಆತುರದಿಂದಾದ ಎರಡು ಹೊಸ ತಪ್ಪುಗಳು ಮೊದಲಿಗನಲ್ಲಿ ಮಾತ್ರ ಇದ್ದವು. ನಕಲು ಯಾರಿಂದ ಯಾರಿಗೆ ಹೋಗಿತ್ತೆಂಬುದು ಸ್ಪಷ್ಟವಾಗಿತ್ತು.

ಈ ಸಂಗತಿ ಮತ್ತೆ ನೆನಪಾದದ್ದು ನಮ್ಮ ಊರಿಗೆ ದನಗಳ ಚರ್ಮಗಂಟು ರೋಗ ಬಂದ ಮೇಲೆ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಗುರುತಿಸಲಾದ ಈ ವೈರಾಣುರೋಗ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಅನೇಕ ರಾಜ್ಯಗಳಿಗೆ ಹಬ್ಬಿತು. ಜ್ವರ, ಮೈತುಂಬ ಗಂಟುಗಳು, ಬತ್ತಿದ ಕೆಚ್ಚಲು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ; ಮನುಷ್ಯರಿಗೆ ಅದು ಅಂಟುವುದಿಲ್ಲ. ನಮ್ಮ ಬೀದಿಯ ರೈತನೊಬ್ಬನು ಆಗತಾನೆ ಸಂತೆಯಿಂದ ಹಸುವೊಂದನ್ನು ತಂದಿದ್ದ. ರೋಗ ಬಂದದ್ದು ಆ ಹಸುವಿನಿಂದಲೇ ಎಂದು ಊರು ತೀರ್ಮಾನಿಸಿತು. ಡೈರಿಯ ಮುಂದೆ ನಾನೂ ಹೌದೆಂದು ತಲೆದೂಗಿದೆ. ಹಸು ಸತ್ತಾಗ ಗುಂಡಿ ತೋಡಲು ನೆರೆಯವರಾರೂ ಹೋಗಲಿಲ್ಲ.

2024ರಲ್ಲಿ ಒಂದು ವರದಿಯನ್ನು ಓದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇತರ ಸಂಸ್ಥೆಗಳ ಜೊತೆಗೂಡಿ, ಗುಜರಾತ್, ಮಹಾರಾಷ್ಟ್ರ, ರಾಜಸ್ಥಾನ ಮತ್ತು ಕರ್ನಾಟಕದ ರೋಗಪೀಡಿತ ದನಗಳಿಂದ ಮಾದರಿಗಳನ್ನು ಸಂಗ್ರಹಿಸಿದ್ದರು. ಈ ವೈರಾಣುವಿನ ಡಿ.ಎನ್.ಎ. ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಒಂದು ಗ್ರಂಥ. ಹಸುವಿನ ಒಡಲಲ್ಲಿ ಅದರ ಪ್ರತಿಗಳಾಗುವಾಗ ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೂ ಇಳಿಯುತ್ತದೆ. ಒಂದೇ ತಪ್ಪುಳ್ಳವು ಹತ್ತಿರದ ನೆಂಟರು. ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ, ಯಾವ ಪ್ರತಿ ಯಾವುದರಿಂದ ಬಂತೆಂದು ನಿರ್ಣಯಿಸುವ ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ!

22 ವೈರಾಣುಗಳ ಪೂರ್ಣ ಪಾಠದಲ್ಲಿ ಅವರಿಗೆ 1,800ಕ್ಕೂ ಹೆಚ್ಚು ಅಕ್ಷರಭೇದಗಳು ದೊರೆತವು. ಹಬ್ಬಿದ್ದು ಒಂದು ಬಳಗವಲ್ಲ, ಎರಡು. ಒಂದು, 2019ರಲ್ಲಿ ರಾಂಚಿಯಲ್ಲಿಯೂ 2020ರಲ್ಲಿ ಹೈದರಾಬಾದಿನಲ್ಲಿಯೂ ಸಿಕ್ಕ ವೈರಾಣುಗಳಿಗೆ ಹತ್ತಿರದ್ದು. ಹೆಚ್ಚು ಭೇದಗಳುಳ್ಳ ಮತ್ತೊಂದು, 2015ರಲ್ಲಿ ರಷ್ಯಾದಲ್ಲಿ ಕಂಡದ್ದನ್ನು ಹೋಲುತ್ತಿತ್ತು. ಹೋಲಿಕೆಯಿಂದಲೇ ಅದು ನೇರವಾಗಿ ರಷ್ಯಾದಿಂದ ಬಂತೆನ್ನಲಾಗದು. ಎರಡೂ ಬೇರೊಂದು ಮೂಲದ ಪ್ರತಿಗಳಾಗಿರಬಹುದು. ನಡುವಿನ ಪ್ರತಿಗಳು ಸಿಗುವವರೆಗೆ ವಿಜ್ಞಾನಿಯೂ ಕಾಯಬೇಕು. ಡೈರಿಯ ಮುಂದೆ ನಾನು ಕಾದಿರಲಿಲ್ಲ.

ನಮ್ಮ ಬೀದಿಯ ದನಗಳ ಮಾದರಿಯನ್ನು ಯಾರೂ ತೆಗೆದಿರಲಿಲ್ಲ. ಸುಣ್ಣ ಸುರಿದು ಹೂತ ಹಸುವಿನ ಮೇಲಿನ ಆರೋಪವನ್ನು ಇನ್ನು ಸಾಧಿಸುವಂತೆಯೂ ಇಲ್ಲ, ಅಳಿಸುವಂತೆಯೂ ಇಲ್ಲ. ಆದರೂ ಒಂದು ಸಂಜೆ ಆ ರೈತನ ಮನೆಗೆ ಹೋಗಿ, ಓದಿದ್ದನ್ನೆಲ್ಲ ಹೇಳಿದೆ. ಅವನಿಗೆ ಸುಲಭವಾಗಲೆಂದು ‘ಅರಿಸೇಕರಿ’ಯ ಕತೆಯನ್ನೂ ಸೇರಿಸಿದೆ. ಅವನು ಬರಿದಾದ ಗೊಂತಿನ ಕಡೆ ನೋಡುತ್ತಾ ಕೇಳಿಸಿಕೊಂಡ.

“ಆ ಹುಡುಗನ ಹತ್ರಾನೂ ಹೋಗಿ ಹೇಳಿದ್ರಾ, ಮೇಷ್ಟ್ರೇ?” ಎಂದ.

ನಾನು ಹೇಳಿರಲಿಲ್ಲ.