ಕಡಲಿಗೆ ಹೊರಟ ಗಂಟು

ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ನಿಮ್ಮ ಮನೆಯ ಪಡಸಾಲೆ ಹೇಗಿರುತ್ತದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಬಾಯಿ ತೆರೆದು ಬಿದ್ದಿರುವ ಪೆಟ್ಟಿಗೆ, ಮಂಚದ ತುಂಬ ಹರಡಿದ ಬಟ್ಟೆಗಳು, ಇದು ಬೇಕು ಅದು ಬೇಡ ಎಂಬ ಮುಗಿಯದ ವಾದ. 2024ರ ಜನವರಿಯಲ್ಲಿ ವಿಜಯಪುರದ ನಮ್ಮ ಮನೆಯಲ್ಲಿ ಈ ವಾದವು ಹೆಚ್ಚು ಕಡಿಮೆ ಎರಡು ವಾರ ನಡೆಯಿತು. ಶಾರ್ಜಾದಲ್ಲಿ ನೌಕರಿಯಲ್ಲಿರುವ ನನ್ನ ಮಗಳು, ‘ಹತ್ತು ದಿನ ಬಂದು ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತುಕೊಂಡು ಹೋಗಿರಿ’ ಎಂದು ಟಿಕೇಟು ಕಳುಹಿಸಿದ್ದಳು. ನನಗೆ, ನನ್ನ ಹೆಂಡತಿಗೆ, ಮತ್ತು ತಿಕೋಟಾದಲ್ಲಿರುವ ನನ್ನ ತಾಯಿಗೆ. ತಾಯಿಗೆ ಆಗ ಎಂಬತ್ತೊಂದು ವರ್ಷ. ಅವರು ಸಮುದ್ರವನ್ನು ಕಂಡವರಲ್ಲ.

ಟಿಕೇಟಿನ ಹಿಂದೆಯೇ ಮಗಳಿಂದ ಒಂದು ಪಟ್ಟಿಯೂ ಬಂದಿತು. ಅಗಲವಾದ ಟೋಪಿ, ತಂಪು ಕನ್ನಡಕ, ಬಿಸಿಲಿಗೆ ಮೈ ಸುಡದಂತೆ ಹಚ್ಚುವ ಕ್ರೀಮು, ಮರಳಿನಲ್ಲಿ ನಡೆಯಲು ರಬ್ಬರಿನ ಚಪ್ಪಲಿ, ದಪ್ಪ ಟವೆಲು. ಇದನ್ನು ಓದಿ ಹೇಳಿದಾಗ ತಾಯಿ ಮನಸಾರೆ ನಕ್ಕರು. “ಬಿಸಲ ನೋಡಾಕ ವಿಮಾನ ಯಾಕ ಹತ್ತಬೇಕೋ ತಮ್ಮಾ? ಅಂಗಳಕ್ಕ ಬಂದ್ರ ಸಾಲದೇನು?” ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡು ನಮ್ಮದು. ಬಿಸಿಲನ್ನು ಹುಡುಕಿಕೊಂಡು ಹೋಗುವುದು ಚಳಿಯ ದೇಶದವರ ಹವ್ಯಾಸ. ನಾವಾದರೋ ನೆರಳನ್ನು ಹುಡುಕಿಕೊಂಡು ಬದುಕಿದವರು. ನಿಜ ಹೇಳಬೇಕೆಂದರೆ ಶಾರ್ಜಾ ನಮಗಿಂತ ಎಷ್ಟೋ ಉತ್ತರಕ್ಕಿದೆ. ಜನವರಿಯಲ್ಲಿ ಅಲ್ಲಿನ ರಾತ್ರಿಗಳಿಗೆ ಬೇಕಾಗುವುದು ಕ್ರೀಮಲ್ಲ, ಸ್ವೆಟರು. ಇದನ್ನು ಮಗಳು ಪಟ್ಟಿಯಲ್ಲಿ ಬರೆದಿರಲಿಲ್ಲ.

ಬಿಸಿಲು ಹೋಗಲಿ, ತಾಯಿಯನ್ನು ನಿಜವಾಗಿ ಸೆಳೆದದ್ದು ನೀರು. ಎರಡು ಕೊಡ ನೀರಿಗಾಗಿ ನಸುಕಿನಲ್ಲಿ ಎದ್ದು ಬಾವಿಗೆ ಹೋದವರು ಅವರು. ಟ್ಯಾಂಕರಿನ ನೀರನ್ನು ಹಣ ಕೊಟ್ಟು ತರಿಸಿ, ಬಳ್ಳಿಗಳ ಬುಡಕ್ಕೆ ಬೊಗಸೆಯ ಲೆಕ್ಕದಲ್ಲಿ ಎರೆದು ದ್ರಾಕ್ಷಿಯ ತೋಟ ಉಳಿಸಿಕೊಂಡವರ ನೆರೆಹೊರೆಯಲ್ಲಿ ಬಾಳಿದವರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ನಮ್ಮ ಕಡೆಯ ಕಾಲುವೆಗಳಿಗೆ ಬಂದಾಗ, ನೋಡಲೆಂದೇ ಹೋಗಿ ದಂಡೆಯಲ್ಲಿ ಒಂದು ತಾಸು ನಿಂತಿದ್ದರಂತೆ. “ಅಷ್ಟು ನೀರು ಒಂದ ಕಡೆ ಐತಂತ, ಯಾರೂ ಕುಡಿಯಂಗಿಲ್ಲಂತ. ಅದನ್ನೊಂದ ನೋಡಬೇಕು” ಎಂದರು. ಒಪ್ಪಿಗೆ ಸಿಕ್ಕಿತೆಂದು ನಾವು ತಿಳಿದೆವು.

ಇನ್ನು ಗಂಟು ಕಟ್ಟುವ ಮಾತು. ತಲೆಗೆ ಇಪ್ಪತ್ತೈದು ಕಿಲೋ ನಮಗಿದ್ದ ಮಿತಿ. ಬಬಲೇಶ್ವರದಿಂದ ನನ್ನ ತಂಗಿ ಬಂದಳು; ಅವಳ ಜೊತೆಗೆ ನೂರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಗಸಗಸೆ ಉದುರಿಸಿದ ಅಂಟಿನ ಉಂಡೆಗಳು ಬಂದವು. ತಿಕೋಟಾದಿಂದ ತಾಯಿಯ ಜೊತೆಗೆ ಐದು ಕಿಲೋ ಒಣದ್ರಾಕ್ಷಿ ಬಂದಿತು. ನಮ್ಮ ಕಡೆಯ ಶೆಡ್ಡುಗಳನ್ನು ನೀವು ನೋಡಿರಬಹುದು: ಹಸಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಒಂದು ಬಗೆಯ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಎರಡು ವಾರದ ಗಾಳಿಗೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋದಷ್ಟಾಗುತ್ತದೆ. ನೀರನ್ನು ಬಿಟ್ಟು ಸಿಹಿಯನ್ನಷ್ಟೇ ಹೊತ್ತು ಹೊರಡುವ ಆ ಹಣ್ಣಿನಿಂದ ನನ್ನ ಹೆಂಡತಿ ಪೆಟ್ಟಿಗೆ ತುಂಬುವುದನ್ನು ಕಲಿಯಬಾರದೇ ಎಂದು ಅಂದುಕೊಂಡೆ. ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ.

ಆಮೇಲೆ ನಾನು ನಿಯಮಗಳನ್ನು ಓದಲು ಕುಳಿತೆ. ಟಿಕೇಟು ಮಾಡಿಸಿಕೊಟ್ಟವರು ಇವನ್ನೊಂದೂ ಹೇಳಿರಲಿಲ್ಲ. ಆದ್ದರಿಂದ ಕೊಲ್ಲಿ ದೇಶಗಳಿಗೆ ಹೊರಡುವ ಓದುಗರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕೆಂದು ವಿನಂತಿ. ಸಂಯುಕ್ತ ಅರಬ್ ಅಮೀರರ ದೇಶದಲ್ಲಿ ಗಸಗಸೆಯು ಮಾದಕ ವಸ್ತುಗಳ ಸಾಲಿಗೆ ಸೇರಿದೆ. ನಮ್ಮ ಪಾಯಸದ, ಮಸಾಲೆಯ, ಉಂಡೆಯ ಆ ಬಡಪಾಯಿ ಗಸಗಸೆ! ಅದು ಅಫೀಮಿನ ಗಿಡದ ಬೀಜವೆಂಬುದನ್ನು ನಾವು ಮರೆತಿದ್ದೇವೆ, ಅವರು ಮರೆತಿಲ್ಲ. ಅದಕ್ಕಾಗಿ ಸೆರೆಮನೆ ಕಂಡ ಪ್ರಯಾಣಿಕರಿದ್ದಾರೆ. ಅಂಟಿನ ಉಂಡೆಗಳೆಲ್ಲ ಡಬ್ಬಿಯಿಂದ ಹೊರಬಂದವು. ತಂಗಿಯ ಮುಖ ಬಾಡಿತು. ತಾಯಿಯ ಮೊಣಕಾಲು ನೋವಿಗೆ ಕೊಟ್ಟಿದ್ದ ಗುಳಿಗೆಗಳಲ್ಲಿ ಟ್ರಮಡಾಲ್ ಇತ್ತು; ಅದು ಕೂಡ ಅಲ್ಲಿ ನಿಯಂತ್ರಿತ ಔಷಧಿ, ಮೊದಲೇ ಪರವಾನಗಿ ಪಡೆದಿರಬೇಕು. ವೈದ್ಯರಲ್ಲಿಗೆ ಹೋಗಿ ಬೇರೆ ಗುಳಿಗೆ ಬರೆಸಿಕೊಂಡು ಬಂದೆ. ಮಗಳ ಉಡಿ ತುಂಬಲೆಂದು ತಾಯಿ ತಂದಿದ್ದ ಕೊಬ್ಬರಿ ಬಟ್ಟಲುಗಳೂ ಉಳಿದವು. ಒಣಕೊಬ್ಬರಿಯ ಎಣ್ಣೆಯಂಶದಿಂದ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂದು ವಿಮಾನದವರ ಭಯ.

ಕಡೆಗೆ ಉಳಿದದ್ದು ಎಲೆ-ಅಡಿಕೆ. ದುಬೈ ಸುಂಕದವರ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ ಎಂದು ಓದಿದಾಗ ನನಗೆ ಎದೆ ಧಸಕ್ಕೆಂದಿತು. ತಾಯಿಯ ಸೊಂಟದ ಚಂಚಿ ನನ್ನ ವಯಸ್ಸಿಗಿಂತ ಹಿರಿಯದು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಅಡಕೊತ್ತು. ತಂದೆಯವರು ತೀರಿಕೊಂಡ ದಿನವೂ ಸಂಜೆ ಯಾರೋ ಅವರ ಕೈಗೆ ಎಲೆ ಮಡಿಚಿ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಸಂಗತಿ ತಿಳಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಚಂಚಿಯನ್ನು ಬಿಚ್ಚಿ ತಂಗಿಯ ಕೈಗೆ ಕೊಟ್ಟು, “ಎಲಿ ಒಣಗ್ತಾವು, ನೀ ಹಾಕ್ಕೋ. ಅಡಕೊತ್ತ ಮಾತ್ರ ಕಳೀಬ್ಯಾಡ” ಎಂದರು.

ಸಾಮಾನಿನ ಭಾರದ ಮಾತು ಬಂದಾಗಲೆಲ್ಲ ನಮ್ಮ ಊರಿನವರಿಗೆ ಮಲಿಕ್-ಎ-ಮೈದಾನ್ ತೋಪು ನೆನಪಾಗಬೇಕು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಐವತ್ತೈದು ಟನ್ನಿನ ಆ ಲೋಹವನ್ನು ಹತ್ತು ಆನೆ, ನಾನೂರು ಎತ್ತು ಕಟ್ಟಿ ವಿಜಯಪುರಕ್ಕೆ ಎಳೆತಂದರೆಂದು ಹೇಳುತ್ತಾರೆ. ನಮ್ಮ ಊರಿಗೆ ಒಂದು ಕಾಲಕ್ಕೆ ಸಮುದ್ರವೂ ಇತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೆದ್ದುಕೊಳ್ಳುವವರೆಗೆ ಗೋವೆಯು ಆದಿಲಶಾಹಿಗಳ ಬಂದರಾಗಿತ್ತು. ಆ ಮೇಲೆ 1961ರ ಡಿಸೆಂಬರಿನವರೆಗೂ ಅದು ನಮಗೆ ಪರದೇಶವೇ.

ಗೋವೆ ಎಂದೊಡನೆ ಬೇರೊಂದು ಗಂಟು ಕಣ್ಣಿಗೆ ಕಟ್ಟುತ್ತದೆ. ನಮ್ಮ ಬಸ್ ನಿಲ್ದಾಣದಲ್ಲಿ ಸಂಜೆಯ ಹೊತ್ತು ನಿಂತಿದ್ದರೆ ನೀವೂ ಕಾಣಬಹುದು. ಗೊಬ್ಬರದ ಖಾಲಿ ಚೀಲದಲ್ಲಿ ಬಟ್ಟೆ, ಜೋಳದ ಹಿಟ್ಟು, ಸ್ಟೋವು, ಎರಡು ಪಾತ್ರೆ, ಸಲಿಕೆ, ಬುಟ್ಟಿ, ಮಡಿಲಲ್ಲಿ ಮಗು. ತಾಂಡಾಗಳಿಂದ, ಹಳ್ಳಿಗಳಿಂದ ಕಡಲ ತೀರಕ್ಕೆ ಹೊರಟವರು. ಬಿಸಿಲು ಕಾಯಿಸಲು ಹೋದವರಲ್ಲ. ವಾಸ್ಕೋದ ಬೈನಾ ತೀರದಲ್ಲಿ ಅವರಂಥವರ ಮನೆಗಳನ್ನು 2004ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಕೆಡವಿದರು. ಯಾವ ಪಟ್ಟಿಯೂ ಇಲ್ಲದೆ, ಅರ್ಧ ತಾಸಿನಲ್ಲಿ ಮನೆಯನ್ನೇ ಗಂಟು ಕಟ್ಟಬೇಕಾಗಿ ಬಂದವರೂ ಅವರಲ್ಲಿದ್ದರು. ನನ್ನ ಕೈಯಲ್ಲಿ ತಂಪು ಕನ್ನಡಕದ ಡಬ್ಬಿ ಇತ್ತು. ಅಂದು ಅದನ್ನು ಪೆಟ್ಟಿಗೆಗೆ ಹಾಕಲು ಯಾಕೋ ಸಂಕೋಚವಾಯಿತು. ಆದರೂ ಹಾಕಿದೆ.

ಹೊರಡುವ ಹಿಂದಿನ ರಾತ್ರಿ ತೂಕ ಮಾಡಿದೆವು. ತಾಯಿಯ ಪೆಟ್ಟಿಗೆ ಇಪ್ಪತ್ತಾರೂವರೆ ಕಿಲೋ ತೋರಿಸಿತು. ಒಂದೂವರೆ ಕಿಲೋ ತೆಗೆಯಬೇಕು. ಅವರು ಮಲಗಿದ್ದರು. ನಾನು ಒಂದೊಂದನ್ನೇ ಹೊರಗಿಡುತ್ತ ಹೋದೆ. ಎಲ್ಲಕ್ಕೂ ಕೆಳಗೆ, ಹಳೆಯ ಬಿಳಿ ಪಂಜೆಯಲ್ಲಿ ಸುತ್ತಿದ ಒಂದು ಇಳಕಲ್ಲ ಸೀರೆ ಸಿಕ್ಕಿತು. ಹೊಸದು, ಮಡಿಕೆ ಮುರಿದಿರಲಿಲ್ಲ. ಮಡಿಕೆಯೊಳಗೆ ಐದುನೂರರ ಹತ್ತು ನೋಟು. ಇಷ್ಟು ಒಳ್ಳೆಯ ಸೀರೆಯನ್ನು ಮರಳಿನಲ್ಲಿ ಉಡುವುದುಂಟೇ ಎಂದು ಬದಿಗಿಟ್ಟೆ.

“ಅದನ್ನ ತಗೀಬ್ಯಾಡ” ಎಂದು ಮಂಚದಿಂದ ಧ್ವನಿ ಬಂದಿತು. ಅವರು ಮಲಗಿರಲಿಲ್ಲ.

“ಯಾಕವ್ವಾ, ಇದು ಭಾರ ಆಕ್ಕೈತಿ.”

“ಅಲ್ಲೇ ಏನರ ಆತಂದ್ರ ಉಡಸಾಕ ಬೇಕಲ್ಲ. ಮೊಮ್ಮಗಳ ಹತ್ರ ಇಂಥಾವು ಎಲ್ಲಿ ಇರ್ತಾವು? ರೊಕ್ಕ ಮಣ್ಣಿಗೆ ಅಂತ ಇಟ್ಟೀನಿ. ಹೊಳ್ಳಿ ತರಾಕ ಹೋಗಿ ಸಾಲ ಮಾಡ್ಕೋಬ್ಯಾಡ್ರಿ.”

ಓದುಗರೇ, ಗಸಗಸೆಯ ನಿಯಮವನ್ನು ಹುಡುಕಿದ್ದ ನಾನು ಈ ಒಂದು ನಿಯಮವನ್ನು ಹುಡುಕಿರಲಿಲ್ಲ. ಆ ರಾತ್ರಿ ಅದನ್ನೂ ಓದಿದೆ: ಮರಣ ಪ್ರಮಾಣಪತ್ರ, ಭಾರತೀಯ ದೂತಾವಾಸದ ನಿರಾಕ್ಷೇಪಣಾ ಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪತ್ರ. ದುಡಿಯಲು ಹೋದ ಎಷ್ಟೋ ಜನ ಹಾಗೆಯೇ ಸರಕಿನ ವಿಭಾಗದಲ್ಲಿ ಮರಳಿ ಬಂದಿದ್ದಾರೆ. ಎರಡು ವಾರ ನಾವೆಲ್ಲ ಟೋಪಿಯ ಬಗೆಗೆ, ಚಪ್ಪಲಿಯ ಬಗೆಗೆ ಚರ್ಚಿಸುತ್ತಿದ್ದಾಗ ಅವರೊಬ್ಬರೇ ಕುಳಿತು ಇದನ್ನು ಯೋಚಿಸಿ, ಯಾರಿಗೂ ಹೇಳದೆ, ತಳಕ್ಕೆ ಇಟ್ಟಿದ್ದರು. ಹೋಗುವುದು ಬೇಡವೇ ಎಂದು ಕೇಳಿದೆ. “ಬ್ಯಾಡ ಅಂತ ಯಾರಂದ್ರು? ನೀರು ನೋಡಬೇಕಲ್ಲ” ಎಂದು ಮಗ್ಗುಲಾದರು. ನಾನು ಸೀರೆಯನ್ನು ಇದ್ದಲ್ಲಿಯೇ ಇಟ್ಟು, ಟವೆಲುಗಳನ್ನೂ ಒಣದ್ರಾಕ್ಷಿಯಲ್ಲಿ ಅರ್ಧ ಕಿಲೋವನ್ನೂ ತೆಗೆದೆ.

ಬುರಣಾಪುರದ ನಿಲ್ದಾಣದಿಂದ ಆಗ ವಿಮಾನಗಳು ಹಾರುತ್ತಿರಲಿಲ್ಲ; ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾರಿದೆವು. ಶಾರ್ಜಾದಲ್ಲಿ ಯಾರೂ ನಮ್ಮ ಪೆಟ್ಟಿಗೆ ತೆರೆಯಲಿಲ್ಲ. ತಾಯಿ ಅಲ್ ಖಾನ್ ತೀರದಲ್ಲಿ ಕುರ್ಚಿಯ ಮೇಲೆ ಸ್ವೆಟರು ಹಾಕಿಕೊಂಡು ಕುಳಿತರು. ಮೊದಲ ದಿನ ಎದ್ದು ಹೋಗಿ ಕಾಲು ನೆನೆಸಿ, ಬೆರಳಿನಿಂದ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದರು. ಆ ಕೊಲ್ಲಿಯ ನೀರು ಬಿಸಿಲಿಗೆ ಆವಿಯಾಗಿ ಬೇರೆ ಕಡಲುಗಳಿಗಿಂತ ಹೆಚ್ಚು ಉಪ್ಪು. “ಜ್ವಾಳಕ್ಕೂ ಬರಂಗಿಲ್ಲ, ದ್ರಾಕ್ಷಿಗೂ ಬರಂಗಿಲ್ಲ” ಎಂದರು. ಆದರೂ ದಿನಾಲು ಸಂಜೆ ಅಲ್ಲಿಗೇ ಕರೆದೊಯ್ಯಬೇಕೆಂದು ಹಟ ಹಿಡಿದರು. ಐದನೆಯ ದಿನಕ್ಕೆ ರೊಟ್ಟಿ ಮುಗಿದವು. ಟೋಪಿಯನ್ನು ಮಗಳ ಮನೆಯಲ್ಲಿಯೇ ಬಿಟ್ಟು ಬಂದೆವು.

ಮರಳಿದ ಮರುದಿನ ತಿಕೋಟಾದಲ್ಲಿ ಅವರ ಪೆಟ್ಟಿಗೆ ಬಿಚ್ಚಿದೆವು. ಸೀರೆಗೆ ಪ್ಲಾಸ್ಟಿಕ್ಕಿನ ವಾಸನೆ ಹತ್ತಿದೆಯೆಂದು ಗೊಣಗಿ, ಮಡಿಕೆ ಬಿಚ್ಚಿ ಅಂಗಳದ ಹಗ್ಗದ ಮೇಲೆ ಹರವಿದರು. ನೋಟುಗಳನ್ನು ಎಣಿಸಿ ಕುಪ್ಪಸದಲ್ಲಿ ಇಟ್ಟುಕೊಂಡರು. ಮಧ್ಯಾಹ್ನಕ್ಕೆ ಸೀರೆಯನ್ನು ಮತ್ತೆ ಹಾಗೆಯೇ ಮಡಿಚಿ, ಅದೇ ಪಂಜೆಯಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಇಟ್ಟು ಬೀಗ ಹಾಕಿದರು. ಆಮೇಲೆ ಹೊಸ್ತಿಲಲ್ಲಿ ಕುಳಿತು, ಬಬಲೇಶ್ವರದ ಬಸ್ಸಿಗೆ ತಂಗಿ ಬರುವುದು ಎಷ್ಟು ಹೊತ್ತಿಗೆಂದು ಕೇಳಿದರು. ಚಂಚಿ ಅವಳ ಹತ್ತಿರವಿತ್ತು.